ಮನೆಯವರಿಗೆ ಹೆಣೆಯಲು ಅಕ್ರಿಲಿಕ್ ಉಲ್ಲನ್: ಎರಡು ವರ್ಷ ಬಳಸಿ ಬರೆದ ವಿಮರ್ಶೆ

ಪೇಟೆಯ ಅಂಗಡಿಗಳಲ್ಲಿ ಉಲ್ಲನ್ ಕೊಡಿ ಎಂದು ಕೇಳಿದರೆ ಇಂದು ಸಾಮಾನ್ಯವಾಗಿ ಕೈಗೆ ಬರುವುದು ಅಕ್ರಿಲಿಕ್ ದಾರ. ಹೆಸರು ಉಣ್ಣೆಯದಾದರೂ ಅದರಲ್ಲಿ ಕುರಿಯ ಉಣ್ಣೆಯ ಒಂದು ಎಳೆಯೂ ಇರುವುದಿಲ್ಲ. ಅದು ಪೆಟ್ರೋಲಿಯಂ ಮೂಲದ ರಾಸಾಯನಿಕಗಳಿಂದ ತಯಾರಾದ ಕೃತಕ ನೂಲು. ಕಳೆದ ಎರಡು ವರ್ಷಗಳಲ್ಲಿ ಮೊಮ್ಮಗಳಿಗೆ ಒಂದು ಕುಲಾವಿ ಮತ್ತು ಎರಡು ಸ್ವೆಟರ್, ಯಜಮಾನರಿಗೆ ತೋಳಿಲ್ಲದ ಸ್ವೆಟರ್, ಕೆನಡಾದಲ್ಲಿರುವ ತಂಗಿಯ ಮಗನಿಗೆ ತುಂಬುತೋಳಿನ ಸ್ವೆಟರ್, ಅತ್ತೆಗೆ ಶಾಲು, ಇಷ್ಟನ್ನೂ ನಾನು ಈ ದಾರದಲ್ಲಿಯೇ ಹೆಣೆದಿದ್ದೇನೆ. ಬೇರೆ ಬೇರೆ ಕಂಪನಿಗಳ ಉಂಡೆಗಳನ್ನು ಬಳಸಿರುವುದರಿಂದ ಇದು ಯಾವುದೋ ಒಂದು ಹೆಸರಿನ ಮಾಲಿನ ಮೇಲಿನ ತೀರ್ಪಲ್ಲ, ಆ ಬಗೆಯ ದಾರದ ಮೇಲಿನ ವಿಮರ್ಶೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಳೆಯ ಮಕ್ಕಳ ಬಟ್ಟೆಗೆ, ವಾರಕ್ಕೆ ಎರಡು ಮೂರು ಬಾರಿ ಒಗೆಯಲೇಬೇಕಾದ ಉಡುಪಿಗೆ, ಇದನ್ನು ಧೈರ್ಯವಾಗಿ ಕೊಳ್ಳಬಹುದು; ಒಲೆಯ ಮುಂದೆ, ದೀಪದ ಮುಂದೆ ಹೆಚ್ಚು ಹೊತ್ತು ಇರುವವರಿಗೆ ಇದು ಬೇಡವೇ ಬೇಡ; ಉಳಿದವರ ವಿಷಯದಲ್ಲಿ ತೊಡುವವರು ಯಾರು, ಒಗೆಯುವವರು ಯಾರು ಎಂಬುದನ್ನು ತಿಳಿದುಕೊಂಡ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ನಮ್ಮ ಕಡೆ ಸಿಗುವ ಈ ದಾರದ ಬಹುಪಾಲು ಪಂಜಾಬಿನ ಲೂಧಿಯಾನದಿಂದ ಬರುತ್ತದೆ. ವರ್ಧಮಾನ್, ಓಸ್ವಾಲ್ ಎಂಬ ಹೆಸರುಗಳು ನನ್ನ ತಾಯಿಯ ಕಾಲದಿಂದಲೂ ಹೆಣಿಗೆಯ ಮನೆಗಳಲ್ಲಿ ಪರಿಚಿತ. ಬೆಂಗಳೂರಿನಲ್ಲಿ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಓಣಿಗಳಲ್ಲಿ ಗುಂಡಿ, ಲೇಸು, ಜರಿ ಮಾರುವ ಅಂಗಡಿಗಳ ನಡುವೆ ಉಲ್ಲನ್ ಅಂಗಡಿಗಳೂ ಇವೆ, ಮತ್ತು ದಾರವನ್ನು ಕೈಯಲ್ಲಿ ಹಿಡಿದು, ಕತ್ತಿನ ಪಕ್ಕಕ್ಕೆ ಉಜ್ಜಿ ನೋಡಿ ಕೊಳ್ಳಬೇಕೆನ್ನುವವರು ಅಲ್ಲಿಗೇ ಹೋಗುವುದು ಒಳ್ಳೆಯದು. ಕತ್ತಿನ ಪಕ್ಕಕ್ಕೆ ಏಕೆಂದರೆ, ಬೆರಳಿಗೆ ಮೆತ್ತಗೆ ಅನ್ನಿಸಿದ್ದು ಕೊರಳಿಗೆ ಚುಚ್ಚುವುದುಂಟು. ಫೋನಿನ ಪರದೆಯ ಮೇಲೆ ಬಣ್ಣವನ್ನು ನೋಡಿ ತರಿಸಿಕೊಂಡ ಎರಡು ಬಾರಿಯೂ ನನಗೆ ಬಂದದ್ದು ನೋಡಿದ್ದಕ್ಕಿಂತ ಗಾಢವಾದ ಬಣ್ಣ.

ಕುಲಾವಿಯಿಂದ ಆರಂಭಿಸುತ್ತೇನೆ, ಏಕೆಂದರೆ ಈ ದಾರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಂದ. ಮಗಳು ಬಾಣಂತನಕ್ಕೆಂದು ಬಂದ ಮೇಲೆ ಎರಡು ಸಂಜೆಗಳಲ್ಲಿ ಹೆಣೆದು ಮುಗಿಸಿದ ತಿಳಿಹಳದಿಯ ಕುಲಾವಿ ಅದು. 50 ಗ್ರಾಂ ದಾರವೂ ಖರ್ಚಾಗಲಿಲ್ಲ. ಮಗುವಿನ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಎಳೆದು, ಗದ್ದದ ಕೆಳಗೆ ಗುಂಡಿ ಹಾಕಿದಾಗ ಆ ಪುಟ್ಟ ಮುಖ ಹಳದಿ ಚೌಕಟ್ಟಿನೊಳಗೆ ಕಂಡ ಬಗೆಯನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಗದ್ದದ ಕೆಳಗೆ ಉದ್ದನೆಯ ದಾರವನ್ನಾಗಲಿ ಲಾಡಿಯನ್ನಾಗಲಿ ಇಡಬೇಡಿ ಎಂದು ಮಾತ್ರ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಅದು ಕೊರಳಿಗೆ ಸುತ್ತಿಕೊಳ್ಳುವ ಅಪಾಯವಿದೆ. ತೂತುತೂತಿನ ವಿನ್ಯಾಸವೂ ಬೇಡ, ಎಳೆಯ ಬೆರಳುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

ಹಾಲು ಕಕ್ಕುವ ಮಗುವಿನ ಬಟ್ಟೆಯ ನಿಜವಾದ ಪರೀಕ್ಷೆ ನಡೆಯುವುದು ತೊಟ್ಟಿಲಲ್ಲಲ್ಲ, ಒಗೆಯುವ ಜಾಗದಲ್ಲಿ. ಮಗಳು ಕೇಳಿದ ಮೊದಲ ಪ್ರಶ್ನೆಯೇ, "ಅಮ್ಮಾ, ಇದನ್ನ ಮಿಷಿನ್‌ಗೆ ಹಾಕಬಹುದಾ?" ಎಂದು. ಹಾಕಬಹುದು. ಬಲೆಯ ಚೀಲದೊಳಗಿಟ್ಟು, ತಣ್ಣೀರಿನಲ್ಲಿ, ಇತರ ಬಟ್ಟೆಗಳ ಜೊತೆಯಲ್ಲೇ ಅದೆಷ್ಟೋ ಬಾರಿ ತಿರುಗಿದ ಕುಲಾವಿಯೂ ಸ್ವೆಟರುಗಳೂ ಇಂದಿಗೂ ಅಳತೆಯಲ್ಲಿ ಹಾಗೆಯೇ ಇವೆ. ಇದರ ಬೆಲೆ ನನಗೆ ಚೆನ್ನಾಗಿ ಗೊತ್ತು. ಬಹಳ ವರ್ಷಗಳ ಹಿಂದೆ ಮೈದುನನ ಮಗುವಿಗೆಂದು ಶುದ್ಧ ಉಣ್ಣೆಯಲ್ಲಿ ಒಂದೂವರೆ ತಿಂಗಳು ಕೂತು ಹೆಣೆದ ಸ್ವೆಟರು ಒಂದೇ ಒಂದು ಬಿಸಿನೀರಿನ ಒಗೆತದಲ್ಲಿ ಬೊಂಬೆಗೆ ಆಗುವಷ್ಟು ಚಿಕ್ಕದಾಗಿ, ರಟ್ಟಿನಂತೆ ದಪ್ಪಗಾಗಿ ಹೊರಬಂದಿತ್ತು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂತಹ ಸೂಕ್ಷ್ಮ ಪದರಗಳಿದ್ದು, ಬಿಸಿ, ಸೋಪು ಮತ್ತು ತಿಕ್ಕಾಟ ಒಟ್ಟಿಗೆ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ತಪ್ಪು ಓರಗಿತ್ತಿಯದಲ್ಲ. ಹೊಸ ಬಾಣಂತಿಯ ಕೈಗೆ, ಪ್ರತ್ಯೇಕವಾಗಿ ನೆನೆಸಿ, ಹಿಂಡದೆ, ನೆರಳಿನಲ್ಲಿ ಹಾಸಿ ಒಣಗಿಸಬೇಕಾದ ಬಟ್ಟೆಯನ್ನು ಕೊಟ್ಟದ್ದೇ ತಪ್ಪು. ಈಚೆಗೆ ಯಂತ್ರದಲ್ಲಿ ಒಗೆಯಬಹುದೆಂದು ಲೇಬಲ್ಲಿನಲ್ಲೇ ಬರೆದಿರುವ, ಸಂಸ್ಕರಿಸಿದ ಉಣ್ಣೆಯೂ ಸಿಗುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು.

ಹಾಗೆಂದು ಅಕ್ರಿಲಿಕ್‌ನಲ್ಲಿ ಕೊರತೆಯೇ ಇಲ್ಲವೆಂದಲ್ಲ. ಉಣ್ಣೆಯು ಬೆವರಿನ ತೇವವನ್ನು ತನ್ನೊಳಗೆ ಎಳೆದುಕೊಂಡೂ ಒದ್ದೆಯೆನಿಸದೆ ಇರುತ್ತದೆ, ಅಕ್ರಿಲಿಕ್ ಬಹುಮಟ್ಟಿಗೆ ಎಳೆದುಕೊಳ್ಳುವುದೇ ಇಲ್ಲ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಸುಖವಾಗಿದ್ದ ಸ್ವೆಟರಿನೊಳಗೆ ಮಗು ಹತ್ತೂವರೆಯ ಬಿಸಿಲಿಗೆ ಬೆವರತೊಡಗುತ್ತದೆ. ಆದ್ದರಿಂದ ನಾನು ಮೊಮ್ಮಗಳ ಎರಡನೆಯ ಸ್ವೆಟರನ್ನು ಮುಂದೆ ಪೂರ್ತಿ ತೆರೆಯುವಂತೆ ಹೆಣೆದೆ, ಒಳಗೊಂದು ಹತ್ತಿಯ ಅಂಗಿ ಇರಲಿ ಎಂದು ಮಗಳಿಗೆ ಹೇಳಿದೆ. ತಿಕ್ಕಾಟವಾಗುವ ಕಂಕುಳಲ್ಲಿ, ಮೊಣಕೈಯಲ್ಲಿ ಈ ದಾರ ಸಣ್ಣ ಸಣ್ಣ ಗಂಟುಗಳಂತೆ ಎದ್ದು ನಿಲ್ಲುತ್ತದೆ. ತೀರ ಅಗ್ಗದ ಉಂಡೆಗಳಲ್ಲಿ ಇದು ಮೂರನೆಯ ಒಗೆತಕ್ಕೇ ಕಾಣಿಸಿತು, ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿದ ದಾರದಲ್ಲಿ ಒಂದು ವರ್ಷವಾದರೂ ಅಷ್ಟಾಗಿ ಇಲ್ಲ. ಕೊಳ್ಳುವಾಗ ದಾರದ ತುದಿಯನ್ನು ಎರಡು ಬೆರಳುಗಳ ನಡುವೆ ಹುರಿಯ ವಿರುದ್ಧ ದಿಕ್ಕಿಗೆ ತಿರುಗಿಸಿ ನೋಡಿ. ಥಟ್ಟನೆ ಬಿಚ್ಚಿಕೊಂಡು ನಾಲ್ಕು ಎಳೆಗಳಾಗಿ ಹರಡಿದರೆ ಅದು ಬೇಗ ಗಂಟೇಳುತ್ತದೆ, ಮಾತ್ರವಲ್ಲ, ಹೆಣೆಯುವಾಗ ಕಡ್ಡಿಯ ತುದಿ ಪ್ರತಿ ಕುಣಿಕೆಯಲ್ಲೂ ಅರ್ಧ ಎಳೆಯನ್ನು ಸೀಳಿಕೊಂಡು ಹೋಗುತ್ತದೆ.

ನನ್ನ ದೊಡ್ಡ ದೂರು ಇರುವುದು ದಾರದ ಮೇಲಲ್ಲ, ಅದನ್ನು ಮಾರುವ ರೀತಿಯ ಮೇಲೆ. ಯಜಮಾನರ ಸ್ವೆಟರಿಗೆಂದು ಇದ್ದಿಲು ಬೂದು ಬಣ್ಣದ ಮೂರು ಉಂಡೆ ತಂದಿದ್ದೆ. ಬೆನ್ನಿನ ಭಾಗ ಮುಗಿದು, ಎದೆಯ ಭಾಗ ಕಂಕುಳಿನವರೆಗೆ ಬರುವ ಹೊತ್ತಿಗೆ ದಾರ ಮುಗಿಯಿತು. ಅದೇ ಅಂಗಡಿಗೆ ಲೇಬಲ್ಲಿನ ಸಮೇತ ಹೋಗಿ ನಾಲ್ಕನೆಯ ಉಂಡೆ ಕೇಳಿದೆ. ಲಾಟ್, ಅಂದರೆ ಒಮ್ಮೆಗೆ ಬಣ್ಣ ಹಾಕಿದ ದಾರದ ತಂಡ, ಬೇರೆ ಇದೆಯಲ್ಲ ಎಂದರೆ, "ಅದೇ ಕಲರ್ ನಂಬರ್ ಅಮ್ಮ, ಏನೂ ವ್ಯತ್ಯಾಸ ಬರಲ್ಲ" ಎಂದು ಅಂಗಡಿಯವರು ಎರಡು ಉಂಡೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ಅಕ್ಕಪಕ್ಕ ಹಿಡಿದು ತೋರಿಸಿದರು. ಅಲ್ಲಿ ನಿಜವಾಗಿಯೂ ವ್ಯತ್ಯಾಸ ಕಾಣಲಿಲ್ಲ. ಮನೆಗೆ ಬಂದು ರಾತ್ರಿ ಹೆಣೆಯುವಾಗಲೂ ಕಾಣಲಿಲ್ಲ. ಕೊರಳಿನ ರಿಬ್ (ಹಿಗ್ಗಿ ಕುಗ್ಗುವ ಅಂಚುಪಟ್ಟಿ) ಮುಗಿಸಿ, ಒಗೆದು, ಬೆಳಿಗ್ಗೆ ತಾರಸಿಯ ಮೇಲೆ ಚಾಪೆ ಹಾಸಿ ಒಣಗಲು ಹರಡಿದಾಗ, ಎದೆಗೆ ಅಡ್ಡವಾಗಿ ಯಾರೋ ರೂಲ್‌ದೊಣ್ಣೆ ಇಟ್ಟು ಗೆರೆ ಎಳೆದಂತೆ ಕೆಳಗಿನ ಬೂದು ಮುಗಿದು ಮೇಲೆ ನೀಲಿ ಬೆರೆತ ಇನ್ನೊಂದು ಬೂದು ಆರಂಭವಾಗಿತ್ತು. ಅದನ್ನು ನೋಡುತ್ತಾ ಬಹಳ ಹೊತ್ತು ಅಲ್ಲೇ ಕುಳಿತಿದ್ದೆ. "ಇರಲಿ ಬಿಡು, ಕೋಟಿನ ಒಳಗೆ ಹಾಕಿಕೊಳ್ತೀನಿ, ಯಾರು ನೋಡ್ತಾರೆ" ಎಂದು ಅವರು ಸಮಾಧಾನ ಹೇಳಿದರು. ಆದರೆ ನನ್ನ ಕಣ್ಣಿಗೆ ಕಾಣುತ್ತಿತ್ತಲ್ಲ.

ಬಣ್ಣದ ಸಂಖ್ಯೆ ಬೇರೆ, ಲಾಟ್ ಸಂಖ್ಯೆ ಬೇರೆ ಎಂಬುದನ್ನು ಹೆಣಿಗೆ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡಬೇಕು. ದಾರಕ್ಕೆ ಬಣ್ಣ ಹಾಕುವುದು ಒಂದೊಂದು ತೊಟ್ಟಿಗೆ ಇಷ್ಟಿಷ್ಟರಂತೆ. ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಒಂದು ಬಾರಿಯ ಬಣ್ಣ ಇನ್ನೊಂದು ಬಾರಿಯದಕ್ಕೆ ಕೂದಲೆಳೆಯಷ್ಟು ಭಿನ್ನವಾಗಬಹುದು, ಅದನ್ನು ಗುರುತಿಸಲೆಂದೇ ಲೇಬಲ್ಲಿನ ಮೇಲೆ ಆ ಎರಡನೆಯ ಸಂಖ್ಯೆ ಇರುವುದು. ಬೇರೆ ದಾರಿಯೇ ಇಲ್ಲದೆ ಎರಡು ಲಾಟುಗಳನ್ನು ಸೇರಿಸಬೇಕಾದರೆ, ಹಳೆಯ ದಾರ ಪೂರ್ತಿ ಮುಗಿಯುವ ಮೊದಲೇ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಹತ್ತಿಪ್ಪತ್ತು ಸಾಲು ಹೆಣೆದರೆ ಗೆರೆ ಕರಗಿಹೋಗುತ್ತದೆ. ನಾನು ಎದೆಯ ಭಾಗವನ್ನು ಬುಡದವರೆಗೆ ಬಿಚ್ಚಿ ಹೀಗೆಯೇ ಮತ್ತೆ ಹೆಣೆದೆ; ಮೂರು ವಾರ ಹಿಡಿಯಿತು. ಈಗ ಆ ಸ್ವೆಟರನ್ನು ಬಿಸಿಲಿಗೆ ಹಿಡಿದರೂ ಸೇರಿದ ಜಾಗ ಗೊತ್ತಾಗುವುದಿಲ್ಲ. ಆಮೇಲೆ ನಾನು ಹೋಗತೊಡಗಿದ ಇನ್ನೊಂದು ಚಿಕ್ಕ ಅಂಗಡಿಯಲ್ಲಿ, ಬೇಕಾಗುವುದಕ್ಕಿಂತ ಒಂದು ಉಂಡೆ ಹೆಚ್ಚಿಗೆ ಕೊಟ್ಟು, ಲೇಬಲ್ ಹರಿಯದಿದ್ದರೆ ಒಂದು ತಿಂಗಳೊಳಗೆ ಮರಳಿ ತೆಗೆದುಕೊಳ್ಳುತ್ತಾರೆ. ಉಲ್ಲನ್ ಅಂಗಡಿಯೊಂದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ. ನೀವು ಹೋಗುವ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ದಯವಿಟ್ಟು ಕೇಳಿ ನೋಡಿ.

ಇನ್ನು ಕಡ್ಡಿಯ ವಿಷಯ. ದಾರದ ವಿಮರ್ಶೆಯಲ್ಲಿ ಕಡ್ಡಿಗೇನು ಕೆಲಸ ಎನ್ನಬಹುದು, ಆದರೆ ನಾನು ಹೆಣೆದವುಗಳಲ್ಲಿ ಅತಿ ಹೆಚ್ಚು ದಾರ ತಿಂದ ಉಡುಪು ಕೆಟ್ಟದ್ದು ಕಡ್ಡಿಯಿಂದಲೇ. ತಂಗಿಯ ಮಗ ಎಡ್ಮಂಟನ್‌ನಲ್ಲಿದ್ದಾನೆ. ಅವನಿಗಾಗಿ ಆರಿಸಿಕೊಂಡ ಅಮೆರಿಕದ ಮಾದರಿಯಲ್ಲಿ 8 ನಂಬರಿನ ಕಡ್ಡಿ ಎಂದಿತ್ತು. ನನ್ನಲ್ಲಿ ತಾಯಿಯ ಕಾಲದ 8 ನಂಬರಿನ ಅಲ್ಯೂಮಿನಿಯಂ ಕಡ್ಡಿ ಇತ್ತು, ಅದರಲ್ಲೇ ಆರಂಭಿಸಿದೆ. ನಮ್ಮ ಹಳೆಯ ಕಡ್ಡಿಗಳ ಮೇಲಿರುವುದು ಬ್ರಿಟಿಷ್ ಅಳತೆ. ಅದರ 8 ನಂಬರ್ ಎಂದರೆ 4 ಮಿಲಿಮೀಟರ್. ಅಮೆರಿಕದ ಅಳತೆಯಲ್ಲಿ 8 ನಂಬರ್ ಎಂದರೆ 5 ಮಿಲಿಮೀಟರ್. ಬ್ರಿಟಿಷ್ ಅಳತೆಯಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳುವಾಗುತ್ತದೆ, ಅಮೆರಿಕದ್ದರಲ್ಲಿ ದಪ್ಪವಾಗುತ್ತದೆ. ಮಾದರಿಯ ಲೆಕ್ಕದಂತೆ 10 ಸೆಂಟಿಮೀಟರಿಗೆ 18 ಕುಣಿಕೆ ಬರಬೇಕಿತ್ತು, ನನ್ನ ಹೆಣಿಗೆಯಲ್ಲಿ 22 ಬರುತ್ತಿತ್ತು. ಇಷ್ಟು ಸಣ್ಣ ವ್ಯತ್ಯಾಸ ಏನು ಮಾಡೀತು ಎಂದುಕೊಂಡಿದ್ದೆ. ಸುತ್ತಳತೆಗೆಂದು ಹಾಕಿದ್ದ 198 ಕುಣಿಕೆಗಳು 110 ಸೆಂಟಿಮೀಟರ್ ಆಗುವ ಬದಲು 90 ಆಗಿ ನಿಂತವು. ಆರಡಿ ಎತ್ತರದ ಹುಡುಗನಿಗೆ ಕಳಿಸಬೇಕಿದ್ದ ಸ್ವೆಟರ್ ಅವನ ತಾಯಿಗೆ ಸರಿಹೋಯಿತು. ತಂಗಿ ಅದನ್ನು ಸಂತೋಷದಿಂದಲೇ ತೊಡುತ್ತಾಳೆ, ತೋಳನ್ನು ಮಾತ್ರ ಎರಡು ಸುತ್ತು ಮಡಿಸಿಕೊಳ್ಳಬೇಕು.

ಹುಡುಗನಿಗೆ ಎರಡನೆಯ ಬಾರಿ ಹೆಣೆಯುವ ಮೊದಲು 15 ಸೆಂಟಿಮೀಟರಿನ ಒಂದು ಚೌಕವನ್ನು ಹೆಣೆದು, ಒಗೆದು, ಒಣಗಿಸಿ, ಅದರ ನಡುವಿನ 10 ಸೆಂಟಿಮೀಟರನ್ನು ಅಳೆದೆ. ಒಗೆದ ಮೇಲೆ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಕ್ರಿಲಿಕ್ ಒಗೆದ ಮೇಲೆ ತುಸು ಸಡಿಲವಾಗಿ ಜೋತುಬೀಳುತ್ತದೆ. ನಂಬರನ್ನು ನಂಬದೆ ಮಿಲಿಮೀಟರನ್ನೇ ನೋಡಿ ಕೊಳ್ಳುವುದು ಕ್ಷೇಮ. ಕಡ್ಡಿಗಳನ್ನು ತೂರಿಸಿ ಅಳೆಯುವ ತೂತುಗಳ ಪಟ್ಟಿಯೊಂದು ಬರುತ್ತದೆ, ಅಜ್ಜಿಯ ಕಡ್ಡಿಗಳನ್ನು ಬಳಸುವ ಪ್ರತಿ ಮನೆಯಲ್ಲೂ ಅದೊಂದು ಇರಬೇಕು. ದೊಡ್ಡವರ ಸ್ವೆಟರಿಗೆ ನಾನೀಗ ಎರಡು ಕಡ್ಡಿಗಳ ನಡುವೆ ಪ್ಲಾಸ್ಟಿಕ್ ಎಳೆಯಿರುವ ಸರ್ಕ್ಯುಲರ್ ಕಡ್ಡಿಯನ್ನೇ ಬಳಸುತ್ತೇನೆ. ಅರ್ಧ ಕಿಲೋ ತೂಗುವ ಹೆಣಿಗೆ ಮಡಿಲಲ್ಲಿ ಕೂತಿರುತ್ತದೆ, ಮಣಿಕಟ್ಟಿಗೆ ಭಾರ ಬೀಳುವುದಿಲ್ಲ. ಅಕ್ರಿಲಿಕ್ ದಾರ ನುಣುಪಾದದ್ದು, ಲೋಹದ ಕಡ್ಡಿಯಿಂದ ಜಾರುತ್ತದೆ. ಹೊಸಬರಿಗೆ ಬಿದಿರಿನದೇ ವಾಸಿ.

ಎಡ್ಮಂಟನ್‌ನಿಂದ ಬಂದ ಇನ್ನೊಂದು ಪಾಠವನ್ನೂ ಇಲ್ಲೇ ಬರೆದಿಡುತ್ತೇನೆ. ಚಳಿಯ ದೇಶ, ದಪ್ಪಗಿರಲಿ ಎಂದು ನಾವು ಇಲ್ಲಿ ಕುಳಿತು ಯೋಚಿಸುತ್ತೇವೆ. ಆದರೆ ಅಲ್ಲಿ ಮನೆಯೊಳಗೂ ಕಚೇರಿಯೊಳಗೂ ಹೀಟರ್ ಉರಿಯುತ್ತಿರುತ್ತದೆ, ಹೊರಗೆ ಕಾಲಿಟ್ಟರೆ ಮೈತುಂಬ ಗಾಳಿ ತಡೆಯುವ ಜಾಕೆಟ್ ಇರುತ್ತದೆ. ಅವನು ಕೇಳಿಕೊಂಡದ್ದು ತೆಳ್ಳಗಿನ, ಮುಂದೆ ಗುಂಡಿ ಬಿಚ್ಚಿ ತೆಗೆದಿಡಬಹುದಾದ ಸ್ವೆಟರನ್ನು. "ದೊಡ್ಡಮ್ಮಾ, ತಲೆ ಮೇಲಿಂದ ಎಳೆದು ತೆಗೆಯೋದು ಬೇಡ, ಆಫೀಸಿನಲ್ಲಿ ಕೂದಲೆಲ್ಲ ನಿಂತುಬಿಡುತ್ತೆ" ಎಂದ. ಆ ಒಣ ಹವೆಯಲ್ಲಿ ಅಕ್ರಿಲಿಕ್ ಚಟಪಟ ಎಂದು ವಿದ್ಯುತ್ ಕಿಡಿ ಹಿಡಿಯುವುದೂ ನಿಜ. ಮೊದಲೇ ಕೇಳಿದ್ದರೆ ಒಂದು ಚಳಿಗಾಲ ಉಳಿಯುತ್ತಿತ್ತು.

ಅತ್ತೆಯ ಶಾಲಿನ ವಿಷಯದಲ್ಲಿ ನಾನು ನನ್ನ ಆಯ್ಕೆಯನ್ನು ಪೂರ್ತಿ ಬದಲಿಸಿಕೊಂಡೆ. ಅವರು ಬೆಳಗಿನ ಜಾವ ಎದ್ದು, ಮಡಿಯುಟ್ಟು, ದೇವರ ಮುಂದೆ ಎರಡು ದೀಪ ಹಚ್ಚಿ ಕೂರುವವರು. ಕುಂಕುಮದ ಬಣ್ಣದ ಅಕ್ರಿಲಿಕ್ ಶಾಲು ಹೆಣೆದು ಹೊದಿಸಿದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಾರದ ನಂತರ, ಬತ್ತಿ ಸರಿಮಾಡಲು ಅವರು ಬಾಗಿದಾಗ ಶಾಲಿನ ಸೆರಗು ದೀಪದಿಂದ ಒಂದು ಗೇಣು ದೂರದಲ್ಲಿ ತೂಗಾಡುವುದನ್ನು ಬಾಗಿಲಲ್ಲಿ ನಿಂತು ಕಂಡೆ. ಆ ಮಧ್ಯಾಹ್ನವೇ ಉಳಿದಿದ್ದ ದಾರದ ಒಂದು ಚೋಟುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬೋಗುಣಿಯ ಮೇಲೆ, ಬೆಂಕಿಕಡ್ಡಿ ತಾಗಿಸಿ ನೋಡಿದೆ. ಅದು ಹತ್ತಿಕೊಂಡು, ಕರಗಿ, ಕಪ್ಪಗೆ ಮುದುಡಿ, ತಣಿದ ಮೇಲೆ ಗಟ್ಟಿ ಮಣಿಯಾಗಿ ಉಳಿಯಿತು. ಹಳೆಯ ಉಣ್ಣೆಯ ತುಂಡು ಕೂದಲು ಸುಟ್ಟ ವಾಸನೆ ಬಿಟ್ಟು, ಕಡ್ಡಿ ತೆಗೆದೊಡನೆ ತಾನೇ ನಂದಿ, ಬೆರಳಲ್ಲಿ ಪುಡಿಯಾಗುವ ಬೂದಿಯಾಯಿತು. ಕರಗಿದ ಅಕ್ರಿಲಿಕ್ ಮೈಗೆ ಅಂಟಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅತ್ತೆಗೆ ವಿಷಯ ತಿಳಿಸಿ, ಆ ಶಾಲನ್ನು ರಾತ್ರಿ ಹೊದೆಯಲೆಂದು ಇಟ್ಟು, ಪೂಜೆಯ ಹೊತ್ತಿಗೆ ಮೆರಿನೋ ಉಣ್ಣೆಯಲ್ಲಿ ಇನ್ನೊಂದು ಚಿಕ್ಕ ಶಾಲು ಹೆಣೆದು, ಎದೆಯ ಮೇಲೆ ಪಿನ್ನು ಹಾಕಿ ನಿಲ್ಲುವಂತೆ ಮಾಡಿಕೊಟ್ಟೆ. ಉಲ್ಲನ್ ಎಂಬ ಒಂದೇ ಹೆಸರಿನಲ್ಲಿ ಎರಡನ್ನೂ ಮಾರುವುದರ ಅಪಾಯ ಇಲ್ಲಿದೆ. ಇಸ್ತ್ರಿಯ ವಿಷಯವೂ ಇದಕ್ಕೆ ಸೇರಿದ್ದೇ: ಕಾದ ಇಸ್ತ್ರಿಪೆಟ್ಟಿಗೆ ತಾಗಿದರೆ ಅಕ್ರಿಲಿಕ್ ಹೆಣಿಗೆಯ ಉಬ್ಬುತಗ್ಗುಗಳೆಲ್ಲ ಚಪ್ಪಟೆಯಾಗಿ ಶಾಶ್ವತವಾಗಿ ಹಾಗೆಯೇ ಉಳಿಯುತ್ತವೆ.

ನಮ್ಮದೇ ನಾಡಿನ ಉಣ್ಣೆಯನ್ನು ಏಕೆ ಬಳಸಬಾರದು ಎಂದು ಮಾವ ಕೇಳಿದ್ದರು. ಅವರು ಚಿತ್ರದುರ್ಗದ ಕಡೆಯವರು, ಚಳ್ಳಕೆರೆಯ ಕಂಬಳಿ ಹೊದ್ದು ಬೆಳೆದವರು. ಕುರುಬರು ಸಾಕುವ ದಖ್ಖನಿ ಕುರಿಯ ಕಪ್ಪು ಉಣ್ಣೆಯ ನೂಲನ್ನು ತರಿಸಿ ಅವರಿಗೊಂದು ಮಫ್ಲರ್ ಹೆಣೆದೆ. ಹುಣಸೆ ಬೀಜದ ಗಂಜಿ ಹಾಕಿ ನೇಯುವ ಕಂಬಳಿ ಮಳೆಯನ್ನೂ ತಡೆಯುವಷ್ಟು ಗಟ್ಟಿ, ಆದರೆ ಆ ಎಳೆ ಒರಟು. ಅಂಗಿಯ ಮೇಲೆ ಹೊದೆಯಲು ಹೇಳಿಮಾಡಿಸಿದ್ದು, ಬರಿಯ ಕೊರಳಿಗಲ್ಲ. ಮಾವ ಅದನ್ನು ಎರಡು ದಿನ ಸುತ್ತಿಕೊಂಡು, ಮೂರನೆಯ ದಿನ ಮಡಿಸಿ ಕುರ್ಚಿಯ ಮೇಲೆ ಹಾಸಿಕೊಂಡರು. ಈಗ ಅದೇ ನೂಲಿನಲ್ಲಿ ಅವರಿಗಾಗಿ ಒಂದು ಕೂರುವ ಹಾಸನ್ನು ಹೆಣೆದಿದ್ದೇನೆ, ಬಹಳ ಚೆನ್ನಾಗಿ ಬಂದಿದೆ.

ಬೆಲೆಯ ಮಾತು. ನಾನು ಕೊಂಡ ಅಕ್ರಿಲಿಕ್ 100 ಗ್ರಾಮಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು, ಅತ್ತೆಯ ಮೆರಿನೋ ಅದರ ಐದು ಪಟ್ಟಿಗೂ ಹೆಚ್ಚು. ಚಳಿಗಾಲ ಬಂತೆಂದರೆ ನಮ್ಮ ಊರುಗಳ ರಸ್ತೆಬದಿಯಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. ಅವರು ಮಾರುವ ಲೂಧಿಯಾನದ ಸಿದ್ಧ ಸ್ವೆಟರಿನ ಬೆಲೆಗೂ ನನ್ನ ದಾರದ ಖರ್ಚಿಗೂ ಹೆಚ್ಚು ಅಂತರವಿಲ್ಲ. ಹಾಗಿರುವಾಗ ಎರಡು ತಿಂಗಳು ಕೂತು ಏಕೆ ಹೆಣೆಯಬೇಕು ಎಂದು ಕೇಳುವವರಿದ್ದಾರೆ. ಯಜಮಾನರ ಎಡ ಭುಜ ಬಲಕ್ಕಿಂತ ಒಂದು ಬೆರಳು ತಗ್ಗು. ನಾನು ಹೆಣೆದ ಸ್ವೆಟರಿನಲ್ಲಿ ಎಡಗಡೆ ನಾಲ್ಕು ಸಾಲು ಕಡಿಮೆ ಇದೆ. ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಮೊಮ್ಮಗಳ ಸ್ವೆಟರನ್ನು ನಾನು ಅವಳ ವಯಸ್ಸಿಗಿಂತ ಒಂದು ವರ್ಷ ದೊಡ್ಡ ಅಳತೆಗೆ ಹೆಣೆದು, ತೋಳಿನ ತುದಿಯ ರಿಬ್ಬನ್ನು ಉದ್ದ ಬಿಟ್ಟು ಮಡಿಸುವಂತೆ ಮಾಡಿದ್ದೇನೆ, ಇದರಿಂದ ಒಂದೇ ಸ್ವೆಟರು ಎರಡು ಚಳಿಗಾಲ ಬಂದಿದೆ.

ಒಂದು ವಿಷಯದಲ್ಲಿ ಮಾತ್ರ ಅಕ್ರಿಲಿಕ್ ನನ್ನ ತಾಯಿಯ ಕಾಲದ ಉಣ್ಣೆಗೆ ಸಮನಾಗಲಾರದು. ಅಮ್ಮ ನಾವು ಬೆಳೆದಂತೆ ಹಳೆಯ ಸ್ವೆಟರುಗಳನ್ನು ಬಿಚ್ಚಿ, ನನ್ನ ಎರಡೂ ಕೈಗಳನ್ನು ಚಾಚಿ ಹಿಡಿಯಲು ಹೇಳಿ, ಸುರುಳಿಸುರುಳಿಯಾಗಿ ಬಂದ ದಾರವನ್ನು ಲಡಿಯಾಗಿ ಸುತ್ತಿ, ನೀರಿನಲ್ಲಿ ನೆನೆಸಿ, ಕೆಳಗೊಂದು ತಂಬಿಗೆಯ ಭಾರ ಕಟ್ಟಿ ನೇತುಹಾಕುತ್ತಿದ್ದರು. ಮರುದಿನ ದಾರ ನೆಟ್ಟಗಾಗಿರುತ್ತಿತ್ತು, ಮತ್ತೊಂದು ಸ್ವೆಟರಾಗುತ್ತಿತ್ತು. ಅಕ್ರಿಲಿಕ್ಕನ್ನೂ ಬಿಚ್ಚಬಹುದು, ಆದರೆ ವರ್ಷಾನುಗಟ್ಟಲೆ ತೊಟ್ಟು ಒಗೆದದ್ದು ಅಲ್ಲಲ್ಲಿ ಗಂಟೆದ್ದು ಸವೆದು, ಎರಡನೆಯ ಸಲ ಹೆಣೆದರೆ ಹಳತಾಗಿಯೇ ಕಾಣುತ್ತದೆ.

ಈಗ ನನ್ನ ಕಡ್ಡಿಯ ಮೇಲಿರುವುದು ಎಡ್ಮಂಟನ್‌ನ ಹುಡುಗನ ಎರಡನೆಯ ಸ್ವೆಟರು: ಅರ್ಧ ಉಣ್ಣೆ, ಅರ್ಧ ಅಕ್ರಿಲಿಕ್ ಬೆರೆತ ಕಡುಹಸಿರು ದಾರ, 5 ಮಿಲಿಮೀಟರಿನ ಕಡ್ಡಿ, ಆರೂ ಉಂಡೆಗಳು ಒಂದೇ ಲಾಟಿನವು, ಮುಂದೆ ಏಳು ಕಾಜಗಳು. ಬೆನ್ನು, ಎದೆಯ ಎರಡು ಭಾಗ, ಬಲ ತೋಳು ಮುಗಿದಿವೆ. ಹೆಚ್ಚಿಗೆ ತಂದ ಏಳನೆಯ ಉಂಡೆಯ ಲೇಬಲ್ಲನ್ನು ಇನ್ನೂ ಹರಿದಿಲ್ಲ; ಎಡ ತೋಳು ಮುಗಿದ ಮೇಲೆ ಅದನ್ನು ಅಂಗಡಿಗೆ ಮರಳಿಸಬೇಕೋ, ಅವನಿಗೊಂದು ಟೋಪಿಯನ್ನೂ ಹೆಣೆಯಬೇಕೋ ನೋಡುತ್ತೇನೆ.